ಬೇವಿನ ಬಾಗಿಲು, ಸುಣ್ಣದ ಬಾಗಿಲು

ಆ ಊರಿನಲ್ಲಿ ದಾರಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬಾಗಿಲುಗಳಿಗೆ ಮಾತ್ರ.

ಓಣಿಗೆ ಓಣಿ ಸೇರುವ ಮೂಲೆಯಲ್ಲೆಲ್ಲ ಒಂದು ಬಾಗಿಲು. ಅದು ತೆರೆಯುವ ಬಾಗಿಲಲ್ಲ. ಭದ್ರವಾದ ಹಲಗೆ, ಅದರಲ್ಲಿ ಎರಡು ತೂತು. ಮೇಲಿನ ತೂತಿಗೆ ಒಂದು ಮಣ್ಣಿನ ಕೊಳವೆ ಸಿಕ್ಕಿಸಿರುತ್ತಿತ್ತು. ಕೆಳಗಿನದು ಒಂದು ಚೊಂಬು ಹಿಡಿಸುವಷ್ಟು ಅಗಲ. ದಾರಿಹೋಕ ಬಂದು ತಟ್ಟಬೇಕು, ಹೋಗಬೇಕಾದ ಜಾಗದ ಹೆಸರು ಹೇಳಬೇಕು. ಕೆಳಗಿನಿಂದ ಒಂದು ಕೋಲು ಹೊರಗೆ ಬಂದು ಎಡಕ್ಕೋ ಬಲಕ್ಕೋ ತಿರುಗುತ್ತದೆ. ಮೇಲಿನ ಕೊಳವೆಯಿಂದ ಒಂದು ಸಂಖ್ಯೆ ಬರುತ್ತದೆ. ದಾರಿಹೋಕ ಹಿಡಿ ಅವಲಕ್ಕಿಯನ್ನೂ ಒಂದು ಚೊಂಬು ನೀರನ್ನೂ ಒಳಗೆ ತಳ್ಳಿ, ಆ ಸಂಖ್ಯೆಯನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಮುಂದಿನ ಬಾಗಿಲಿಗೆ ನಡೆಯುತ್ತಾನೆ. ಅಲ್ಲಿ ಹೊಸ ಸಂಖ್ಯೆ ಸಿಕ್ಕ ಮೇಲೆ ಹಳೆಯದನ್ನು ಮರೆಯಬಹುದು.

ಒಳಗಿನವರು ಹೊರಗೆ ಬಂದದ್ದನ್ನು ಕಂಡವರಿಲ್ಲ. ಒಳಗೆ ಹೋದದ್ದನ್ನು ಕಂಡವರೂ ಇಲ್ಲ. ಅವರಿಗೆ ಸಂಖ್ಯೆಯೇ ಮಾತು. ಒಂದು ಸಲ ತಟ್ಟಿದರೆ ಒಂದು ಸಂಖ್ಯೆ, ಮತ್ತೊಂದು ಸಲ ತಟ್ಟಿದರೆ ಅದರ ಮುಂದಿನದು. ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಹತ್ತು ಸಾವಿರ ಮುಗಿದರೆ ಮತ್ತೆ ಒಂದರಿಂದ. ಕೊಳವೆಯಲ್ಲಿ ಹಾದು ಬಂದ ದನಿಗಳೆಲ್ಲ ಒಂದೇ ತರಹ ಕೇಳುತ್ತಿದ್ದವು. ಗಂಡೋ ಹೆಣ್ಣೋ, ಮುದಿಯೋ ಹರೆಯವೋ ತಿಳಿಯುತ್ತಿರಲಿಲ್ಲ.

ಹಿಂದೆ ಒಂದು ಮನೆಗೆ ಒಂಬತ್ತು ಬಾಗಿಲುಗಳಿದ್ದವು, ಒಂಬತ್ತು ಓಣಿಗಳಿಗೆ. ಊರಿನವರು ಅದನ್ನು ಒಂಬತ್ತು ಮನೆಯೆಂದು ನಂಬಿದ್ದರು. ಒಳಗಿದ್ದವನು ಒಬ್ಬನೇ. ಅವನು ಜ್ವರ ಬಂದು ಮಲಗಿದ ದಿನ ಒಂಬತ್ತು ಮೂಲೆಗಳಲ್ಲಿ ಕೋಲು ಹೊರಬರಲಿಲ್ಲ. ಈ ದಾರಿ ಕೆಟ್ಟರೆ ಆ ದಾರಿ ಇದೆ ಎಂದುಕೊಂಡಿದ್ದವರು ಓಣಿಯಿಂದ ಓಣಿಗೆ ಅಲೆದರು. ನೀರು ಸಿಗದೆ ಸತ್ತರು. ಅದಾದ ಮೇಲೆ ಊರು ಒಂದು ಕಟ್ಟಳೆ ಮಾಡಿಕೊಂಡಿತು: ಮನೆಗೊಂದೇ ಬಾಗಿಲು. ಹೆಚ್ಚಿನದಕ್ಕೆ ಇಟ್ಟಿಗೆ.

ಯಾವ ಬಾಗಿಲು ಯಾವ ಮನೆಯದು ಎಂದು ಕಂಡುಹಿಡಿಯಲು ಊರಿಗೆ ಒಬ್ಬ ತಟ್ಟುವವಳಿದ್ದಳು.

ಅವಳ ಕೆಲಸ ನೋಡುವುದಕ್ಕೆ ಸುಲಭ. ಈ ಬಾಗಿಲು ತಟ್ಟಬೇಕು, ಓಡಿಹೋಗಿ ಆ ಬಾಗಿಲು ತಟ್ಟಬೇಕು, ಮತ್ತೆ ಓಡಿಬಂದು ಇದನ್ನು ತಟ್ಟಬೇಕು. ಒಂದು ನಲವತ್ತು ಎಂದು, ಇನ್ನೊಂದು ನಲವತ್ತೊಂದು ಎಂದು, ಮೊದಲಿನದು ಮತ್ತೆ ನಲವತ್ತೆರಡು ಎಂದರೆ ಎಣಿಕೆ ಒಂದೇ ದಾರದಲ್ಲಿ ಪೋಣಿಸಿಕೊಂಡು ಬರುತ್ತಿದೆ ಎಂದರ್ಥ. ಒಳಗಿರುವುದು ಒಬ್ಬರೇ. ಒಂದು ನಲವತ್ತು, ಇನ್ನೊಂದು ಮೂರು ಸಾವಿರ ಎಂದರೆ ಇಬ್ಬರು. ನಡುವೆ ದಾರಿಹೋಕರು ತಟ್ಟಿದರೆ ಒಂದೆರಡು ಸಂಖ್ಯೆ ಹಾರಬಹುದು. ಹಿಂದಕ್ಕೆ ಮಾತ್ರ ಹೋಗುವುದಿಲ್ಲ.

ಬಾಗಿಲುಗಳ ಗುರುತಿಡುವ ನಕ್ಷೆಮನೆಯಿಂದ ಅವಳಿಗೆ ಒಂದು ಚೀಟಿ ಬರುತ್ತಿತ್ತು. ಅದರಲ್ಲಿ ಒಂದೇ ಸಾಲು: ಎರಡು ಬಾಗಿಲುಗಳ ಹೆಸರು, ಎಷ್ಟು ಸಲ ತಟ್ಟಬೇಕೆಂಬ ಲೆಕ್ಕ. ಅವಳು ಅದರ ಕೆಳಗೆ ಒಂದು ಪದ ಬರೆದು ಹಿಂದಕ್ಕೆ ಕೊಡುತ್ತಿದ್ದಳು. ಮೊದಲು ಮೂರು ಪದಗಳಿದ್ದವು: ಒಂದೇ, ಬೇರೆ, ತಿಳಿಯದು. ಮೂರನೆಯದನ್ನು ನಕ್ಷೆಕಾರ ತೆಗೆದುಹಾಕಿದ್ದ. "ತಿಳಿಯದು ಅನ್ನೋದನ್ನ ನಕ್ಷೆ ಮೇಲೆ ಎಲ್ಲಿ ಬರೀಲಮ್ಮ?" ಎಂದು ಕೇಳಿದ್ದ. ಅವಳಿಗೂ ಆ ಮಾತು ಸರಿಯೆಂದೇ ತೋರಿತ್ತು.

ಬೇಸಿಗೆಯ ಒಂದು ಬೆಳಗ್ಗೆ ಬಂದ ಚೀಟಿ ಹೀಗಿತ್ತು: ಬೇವಿನ ಬಾಗಿಲು, ಸುಣ್ಣದ ಬಾಗಿಲು, ಐದು ಸಲ.

ಎರಡೂ ಬೆನ್ನಿಗೆ ಬೆನ್ನು ಕೊಟ್ಟ ಓಣಿಗಳಲ್ಲಿದ್ದವು. ಒಂದರ ಮುಂದೆ ಬೇವಿನ ಮರ, ಇನ್ನೊಂದರ ಚೌಕಟ್ಟಿಗೆ ಸುಣ್ಣ. ಅವಳು ತಟ್ಟಿದಳು, ಓಡಿದಳು, ತಟ್ಟಿದಳು. ಬೇವು ಐನೂರ ಎಂಬತ್ತು ಎಂದಿತು. ಸುಣ್ಣ ಐನೂರ ಎಂಬತ್ತೊಂದು. ಬೇವು ಎಂಬತ್ತೆರಡು. ಐದು ಸುತ್ತು, ಹತ್ತು ಸಂಖ್ಯೆ. ಒಂದೂ ತಪ್ಪಲಿಲ್ಲ.

ಒಂದು ವಿಷಯ ಮಾತ್ರ ಅವಳಿಗೆ ವಿಚಿತ್ರವೆನಿಸಿತು. ತಟ್ಟಿದ ಮೇಲೆ ಸಂಖ್ಯೆ ಬರುವ ಮುನ್ನ ಎರಡೂ ಬಾಗಿಲುಗಳು ಒಂದು ಉಸಿರಿನಷ್ಟು ತಡೆದವು, ಯಾರನ್ನೋ ಆಲಿಸಿ ಹೇಳುವವರ ಹಾಗೆ. ಆ ತಡೆಯನ್ನು ಬರೆಯಲು ಚೀಟಿಯಲ್ಲಿ ಜಾಗವಿರಲಿಲ್ಲ. ಅವಳು "ಒಂದೇ" ಎಂದು ಬರೆದಳು.

ಮಧ್ಯಾಹ್ನದ ಹೊತ್ತಿಗೆ ಗಾರೆಯವನು ಸುಣ್ಣದ ಬಾಗಿಲಿನ ಮುಂದೆ ಗಾರೆ ಕಲಸುತ್ತಿದ್ದ.

ಮೂರನೆಯ ದಿನ ಅವನು ಬಾವಿಕಟ್ಟೆಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಅವಳು ನೀರಿಗೆ ಬಂದಳು.

"ಏನ್ ತಂಗ್ಯಮ್ಮ, ಇವತ್ತು ಓಟ ಇಲ್ವಾ?" ಎಂದ. "ನಿನ್ನ ಕಾಲು ಕುದುರೆಯದಾಗಿದ್ರೆ ಇಷ್ಟು ಹೊತ್ತಿಗೆ ನಾಲ್ಕು ಜೊತೆ ಲಾಳ ಸವೆದಿರೋದು."

"ನಿನ್ನ ನಾಲಿಗೆ ಸವೆಯಲ್ವಲ್ಲ ಅಣ್ಣ, ಅದೇ ಆಶ್ಚರ್ಯ."

ಗಾರೆಯವನು ನಕ್ಕ. "ಕೇಳಿಲ್ಲಿ. ಮೊನ್ನೆ ಆ ಸುಣ್ಣದ ಬಾಗಿಲು ಮುಚ್ಚಿದ್ನಲ್ಲ, ಅಂಥ ವಟವಟ ಬಾಗಿಲು ನಾನು ಕಂಡೇ ಇಲ್ಲ. ಇಟ್ಟಿಗೆ ಕೂರ್ಸೋಕೆ ಕರಣೆ ಹಿಡಿಯಿಂದ ಒಂದೇಟು ಹಾಕ್ತೀನಾ, ಒಳಗಿಂದ ಒಂದು ಸಂಖ್ಯೆ. ಇನ್ನೊಂದು ಏಟು, ಇನ್ನೊಂದು ಸಂಖ್ಯೆ. ನಾನು ದಾರಿ ಕೇಳ್ತಿದೀನಿ ಅಂದ್ಕೊಂಡಿತ್ತೋ ಏನೋ. ಕೋಲು ಬೇರೆ ಆಚೆ ಬರೋದು, ಆ ಕಡೆ ಈ ಕಡೆ ತಿರುಗೋದು. ಅದನ್ನ ಒಳಕ್ಕೆ ತಳ್ಳೋದೇ ಒಂದು ಕೆಲಸ ಆಯ್ತು."

ಅವಳು ನಗಲಿಲ್ಲ. ಹಗ್ಗ ಇಳಿಬಿಟ್ಟಳು.

"ಇನ್ನೂ ತಮಾಷೆ ಅಂದ್ರೆ," ಎಂದು ಅವನು ಮುಂದುವರಿಸಿದ, "ಒಳಗಿಂದ ಆರುನೂರ ಹದಿನೆಂಟು ಅಂತು. ನನ್ನ ಕಿವಿಯಾರ ಕೇಳಿದೀನಿ. ಅಷ್ಟರಲ್ಲಿ ಬೇವಿನ ಬಾಗಿಲಿನ ಕಡೆಯಿಂದ ಒಬ್ಬ ದಾರಿಹೋಕ ಮೂಲೆ ತಿರುಗಿ ಬಂದ. ಅವನ ಬಾಯಲ್ಲೂ ಅದೇ. ಆರುನೂರ ಹದಿನೆಂಟು, ಆರುನೂರ ಹದಿನೆಂಟು ಅಂತ ಗೊಣಗ್ತಾ ಇದಾನೆ. ಅಯ್ಯ, ಅದು ನನ್ನ ಸಂಖ್ಯೆ ಕಣೋ, ಎಲ್ಲಿ ಕದ್ದೆ ಅಂದೆ. ಅವನು ನನ್ನನ್ನ ಹುಚ್ಚನ ಥರ ನೋಡ್ಕೊಂಡು ಹೋದ."

ಹಗ್ಗ ಅವಳ ಕೈಯಿಂದ ಜಾರಿತು. ಕೊಡ ಕೆಳಗೆ ನೀರಿಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿತು.

"ಸರಿಯಾಗಿ ನೆನಪು ಮಾಡ್ಕೋ ಅಣ್ಣ. ಅದೇ ಸಂಖ್ಯೆನಾ? ಅದರ ಮುಂದಿನದಲ್ವಾ?"

"ನನಗೆ ಎಣಿಕೆ ಬರಲ್ಲ ಅಂತ ಅಂದ್ಕೊಂಡ್ಯಾ? ದಿನಾ ಇಟ್ಟಿಗೆ ಎಣಿಸೋನು ನಾನು."

ಹೇಳಿದ ಸಂಖ್ಯೆಯನ್ನು ಒಬ್ಬರು ಎರಡು ಸಲ ಹೇಳುವುದಿಲ್ಲ. ಒಂದೇ ಸಂಖ್ಯೆ ಎರಡು ಬಾಗಿಲಿನಲ್ಲಿ ಬಂದಿದ್ದರೆ ಅಲ್ಲಿ ಎರಡು ಬಾಯಿಗಳಿರಬೇಕು. ಕರಣೆಯ ಏಟೂ ದಾರಿಹೋಕನ ತಟ್ಟೂ ಒಟ್ಟಿಗೇ ಬಿದ್ದಾಗ, ಒಬ್ಬರನ್ನೊಬ್ಬರು ಆಲಿಸುವಷ್ಟು ಪುರುಸೊತ್ತಿಲ್ಲದೆ, ಇಬ್ಬರೂ ಒಮ್ಮೆಲೇ ಮುಂದಿನದನ್ನು ಹೇಳಿಬಿಟ್ಟಿದ್ದಾರೆ. ಗೋಡೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಬೇರೆ ಮಾತಿಲ್ಲದವರು, ಇದ್ದ ಒಂದು ಎಣಿಕೆಯನ್ನೇ ಹಂಚಿಕೊಂಡಿದ್ದರು. ನೀನು ಹೇಳಿದ್ದರ ಮುಂದಿನದು ನನ್ನದು, ನಾನು ಹೇಳಿದ್ದರ ಮುಂದಿನದು ನಿನ್ನದು. ಎಷ್ಟು ವರ್ಷಗಳಿಂದಲೋ.

ಅವಳು ಕೊಡವನ್ನು ಬಾವಿಯಲ್ಲೇ ಬಿಟ್ಟು ಓಡಿದಳು.

ಬೇವಿನ ಬಾಗಿಲು ತಟ್ಟಿದಳು. ಏಳುನೂರ ಎರಡು. ಮತ್ತೆ ತಟ್ಟಿದಳು. ಏಳುನೂರ ಮೂರು. ಹಿಂದಿನ ಓಣಿಗೆ ಓಡಿ ಹೊಸ ಇಟ್ಟಿಗೆಯ ಮೇಲೆ ಮುಷ್ಟಿಯಿಂದ ಗುದ್ದಿದಳು. ಏನೂ ಕೇಳಿಸಲಿಲ್ಲ. ಕಿವಿಯಿಟ್ಟಳು. ಗಾರೆ ತಣ್ಣಗಿತ್ತು. ಮತ್ತೆ ಬೇವಿನ ಬಾಗಿಲಿಗೆ ಬಂದು ತಟ್ಟಿದಳು.

ಏಳುನೂರ ಐದು.

ನಡುವೆ ಓಣಿಯಲ್ಲಿ ಯಾರೂ ಇರಲಿಲ್ಲ. ಏಳುನೂರ ನಾಲ್ಕು ಎಂಬ ಸಂಖ್ಯೆಯನ್ನು ಇಟ್ಟಿಗೆಯ ಹಿಂದೆ ಯಾರೋ ಹೇಳಿದ್ದರು.

ಮೂರು ದಿನದಿಂದ ಆ ಕಡೆ ಅವಲಕ್ಕಿ ಹೋಗಿರಲಿಲ್ಲ, ನೀರು ಹೋಗಿರಲಿಲ್ಲ. ಅವಳು ಒಂದು ಚೊಂಬು ನೀರು ತಂದು ಇಟ್ಟಿಗೆಯ ಸಂದಿಗೆ ಹೊಯ್ದಳು. ಗಾರೆ ಅದನ್ನು ಕುಡಿಯಿತು. ಇನ್ನೊಂದು ಚೊಂಬು ಹೊಯ್ದಳು. ಅದನ್ನೂ ಕುಡಿಯಿತು.

ಇಟ್ಟಿಗೆ ಕೀಳಬೇಕೆಂದು ಆಗ ಅವಳಿಗೆ ಹೊಳೆಯಲಿಲ್ಲ. ತಪ್ಪು ಆಗಿದ್ದು ಚೀಟಿಯಲ್ಲಿ. ಚೀಟಿ ಸರಿಯಾದರೆ ಗೋಡೆ ತಾನಾಗಿ ಸರಿಯಾಗುತ್ತದೆ. ಅವಳು ಕಲಿತದ್ದು ಹಾಗೆ.

ನಕ್ಷೆಕಾರ ಗೋಡೆಯಗಲದ ನಕ್ಷೆಯ ಮುಂದೆ ಕುಳಿತು ಸುಣ್ಣದ ಬಾಗಿಲಿನ ಗುರುತನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದ. ಅವಳು ಹೇಳಿದ್ದನ್ನು ಕೊನೆಯವರೆಗೂ ಕೇಳಿದ. ಅವನು ಕೆಟ್ಟವನಾಗಿರಲಿಲ್ಲ. ಒಂಬತ್ತು ಬಾಗಿಲುಗಳು ಸುಮ್ಮನಾದ ವರ್ಷ ಅವನ ಮನೆಯವರು ಆರು ಜನ ಓಣಿಯಲ್ಲಿ ಸತ್ತಿದ್ದರು.

"ನೋಡಮ್ಮ," ಎಂದ. "ನೀನು ಗೋಡೆ ತಟ್ಟಿದೆ. ಬೇವಿನ ಬಾಗಿಲಿನ ಎಣಿಕೆ ಒಂದು ಮುಂದಕ್ಕೆ ಹೋಯ್ತು. ಮನೆ ಒಂದೇ ಆಗಿದ್ರೆ ಇನ್ನೇನಾಗಬೇಕಿತ್ತು? ಇಲ್ಲಿ ತಟ್ಟಿದ್ದು ಅಲ್ಲಿ ಕೇಳಿಸ್ತು. ಒಂದೇ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ತಂದುಕೊಟ್ಟಿದೀಯ."

ಅದು ಅವಳದೇ ವಿಧಾನ.

"ಆರುನೂರ ಹದಿನೆಂಟು, ಸ್ವಾಮಿ. ಎರಡು ಕಡೆ ಬಂದಿದೆ."

"ಯಾರು ಕೇಳಿದ್ದು?"

"ಗಾರೆಯವನು."

"ಅವನ ಕಿವಿ ಯಾವ ಚೀಟಿಯಲ್ಲಿತ್ತು? ಆ ದಾರಿಹೋಕ ಎಲ್ಲಿ?"

"ಹೋಗಿಬಿಟ್ಟ."

"ಅವನ ಸಂಖ್ಯೆ?"

"ಮುಂದಿನ ಬಾಗಿಲಿನಲ್ಲಿ ಮರೆತಿರ್ತಾನೆ."

ನಕ್ಷೆಕಾರ ಕೈ ಚಾಚಿದ. ಆ ಕೈಯಲ್ಲಿ ಏನೂ ಇಲ್ಲ ಎಂದು ತೋರಿಸುವ ಹಾಗೆ.

"ಹಾಗಾದ್ರೆ ಒಂದು ಚೀಟಿ ಕೊಡಿ," ಎಂದಳು. "ಬೇವು, ಸುಣ್ಣ, ಒಂದು ಸಲ. ಇಬ್ಬರು ಒಟ್ಟಿಗೇ ತಟ್ಟಬೇಕು. ಅಷ್ಟು ಸಾಕು."

"ಸುಣ್ಣದ ಬಾಗಿಲು ಎಲ್ಲಿದೆ?" ಅವನು ನಕ್ಷೆಯ ಕಡೆ ನೋಡಿದ. ಕೆರೆದ ಜಾಗ ಬೆಳ್ಳಗಿತ್ತು. "ಇಲ್ಲದ ಬಾಗಿಲಿಗೆ ನಾನು ಚೀಟಿ ಹೇಗೆ ಬರೀಲಿ? ಆಮೇಲೆ ಇನ್ನೊಂದು ಮಾತು. ನೀನು ಇದುವರೆಗೆ ಎಷ್ಟು ಸಲ ಒಂದೇ ಅಂತ ಬರೆದಿದೀಯ?"

"ಇನ್ನೂರ ಹನ್ನೊಂದು."

"ಇದು ತಪ್ಪಾದ್ರೆ?"

ಅವನು ಚಾಕುವನ್ನು ಒರೆಸಿ ಕೆಳಗಿಟ್ಟ. "ಅರ್ಜಿ ಬರೆದುಕೊಡು. ನೋಡ್ತೀನಿ," ಎಂದ. ದನಿ ಮೆತ್ತಗಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಬೇವು, ಗೋಡೆ, ಬೇವು. ಏಳುನೂರ ಹದಿನೈದು, ಏಳುನೂರ ಹದಿನೇಳು. ಹದಿನಾರು ಒಳಗಿತ್ತು. ಅವಳು ನಕ್ಷೆಮನೆಗೆ ಹೋಗಿ ಅರ್ಜಿ ಬರೆದಳು. ಅದರಲ್ಲಿ "ತಿಳಿಯದು" ಎಂಬ ಹಳೆಯ ಪದವನ್ನು ಹಾಕಿದಳು. ಸಂಜೆಯವರೆಗೆ ಜಗಲಿಯಲ್ಲಿ ಕುಳಿತಳು. ಹೊತ್ತು ಇಳಿಯುವಾಗ ಅರ್ಜಿ ಹಿಂದಕ್ಕೆ ಬಂತು. ಆ ಪದದ ಸುತ್ತ ಒಂದು ಗೆರೆ, ಪಕ್ಕದಲ್ಲಿ ಬರಹ: ಇಂಥ ಪದ ಬಳಕೆಯಲ್ಲಿಲ್ಲ.

ದಾರಿಯಲ್ಲಿ ಅವಳು ಗಾರೆಯವನನ್ನು ಕಂಡಳು.

"ಅಣ್ಣ, ಆ ಗೋಡೆ ಬಿಚ್ಚಿಕೊಡು."

"ಕಟ್ಟೋಕೂ ಚೀಟಿ, ಬಿಚ್ಚೋಕೂ ಚೀಟಿ. ಚೀಟಿ ತಂದೆಯಾ?"

"ಒಳಗೆ ಜನ ಇದಾರೆ."

ಅವನು ತಮಾಷೆ ಹುಡುಕಿದ, ಸಿಗಲಿಲ್ಲ. "ಒಂದೇ ಅಂತ ನೀನೇ ಬರೆದಿದ್ದಲ್ವಾ ತಂಗಿ?" ಎಂದ. ಬೈಗುಳವಲ್ಲ. ಹಾಗಲ್ಲ ಎಂದು ಅವಳು ಹೇಳಲಿ ಎಂದು ಕೇಳಿದ ಹಾಗಿತ್ತು.

"ನಾನೇ," ಎಂದಳು.

ಐದನೆಯ ದಿನ ಬೆಳಗ್ಗೆ ಬೇವಿನ ಬಾಗಿಲು ಏಳುನೂರ ಮೂವತ್ತು ಎಂದಿತು. ಅವಳು ಹಿಂದಿನ ಓಣಿಗೆ ಹೋಗಿ ಗೋಡೆಯನ್ನು ಗುದ್ದಿದಳು. ಕಲ್ಲು ತಗೊಂಡು ಗುದ್ದಿದಳು. ಬೇವಿನ ಬಾಗಿಲಿಗೆ ಬಂದು ತಟ್ಟಿದಳು.

ತಡೆಯಿತು. ಒಂದು ಉಸಿರು, ಹತ್ತು ಉಸಿರು. ಅಷ್ಟು ಹೊತ್ತು ಯಾವ ಬಾಗಿಲೂ ತಡೆದದ್ದನ್ನು ಅವಳು ಕಂಡಿರಲಿಲ್ಲ. ಮರದಿಂದ ಬೇವಿನ ಎಲೆ ಉದುರಿ ಅವಳ ಭುಜದ ಮೇಲೆ ಬಿತ್ತು.

ಏಳುನೂರ ಮೂವತ್ತೊಂದು.

ಅವಳು ಗಾರೆಯವನ ಮನೆಗೆ ಹೋದಳು. ಮೂಲೆಯಲ್ಲಿದ್ದ ಹಾರೆಯನ್ನು ಎತ್ತಿಕೊಂಡಳು. ಅವನು ಅವಳ ಮುಖ ನೋಡಿ, ಉಣ್ಣುತ್ತಿದ್ದ ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಗಾರೆ ಇನ್ನೂ ಪೂರ್ತಿ ಬಿಗಿದಿರಲಿಲ್ಲ. ಅವಳು ಹೊಯ್ದ ನೀರಿಗೆ ಬುಡ ಮೆತ್ತಗಾಗಿತ್ತು. ಅವಳು ಮೀಟಿದಳು, ಅವನು ಇಟ್ಟಿಗೆ ಎಳೆದ. ಕಟ್ಟಿದವನ ಕೈಗೆ ಯಾವ ಇಟ್ಟಿಗೆ ಮೊದಲು ಬರುತ್ತದೆಂದು ಗೊತ್ತಿತ್ತು. ಇಟ್ಟಿಗೆಯ ಹಿಂದಿನ ಹಲಗೆಯನ್ನೂ ಇಬ್ಬರು ಸೇರಿ ಒಡೆದರು. ನಡುಮಧ್ಯಾಹ್ನದ ಬಿಸಿಲು ಅವರಿಗಿಂತ ಮುಂಚೆ ಒಳಗೆ ಹೋಯಿತು.

ಒಳಗೆ ಒಂದು ಮಾರು ಅಗಲದ ಕೋಣೆ. ಖಾಲಿ ಚೊಂಬುಗಳನ್ನು ಸಾಲಾಗಿ ಬೋರಲು ಹಾಕಿತ್ತು. ಹಿಂದಿನ ಗೋಡೆಯಲ್ಲಿ ಒಂದು ಬೆರಳು ಹೋಗುವಷ್ಟು ಬಿರುಕು. ಬಿರುಕಿನ ಸುತ್ತ ಗೋಡೆ ಎಣ್ಣೆ ಸವರಿದ ಹಾಗೆ ನುಣ್ಣಗಾಗಿತ್ತು, ಅಲ್ಲಿ ಕೆನ್ನೆಯಿಟ್ಟು ಇಟ್ಟು. ಈಗಲೂ ಅಲ್ಲಿ ಒಂದು ಕೆನ್ನೆ ಇತ್ತು. ಮುದುಕ. ಗೋಡೆಗೆ ಒರಗಿ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅವನ ತುಟಿ ಬಿರುಕಿನ ಹತ್ತಿರ ತೆರೆದಿತ್ತು.

ಗಾರೆಯವನು ಹೊರಗೇ ನಿಂತ. ಒಳಗೆ ಬರಲಿಲ್ಲ.

ಯಾರೋ ನಕ್ಷೆಮನೆಗೆ ಸುದ್ದಿ ಮುಟ್ಟಿಸಿದ್ದರು. ನಕ್ಷೆಕಾರ ಬಿಸಿಲಲ್ಲಿ ಏದುಸಿರು ಬಿಡುತ್ತ ಬಂದ. ತಲೆ ಬಗ್ಗಿಸಿ ಒಳಗೆ ನೋಡಿದ. ಚೊಂಬುಗಳನ್ನು ನೋಡಿದ, ಬಿರುಕನ್ನು ನೋಡಿದ, ಮುದುಕನನ್ನು ನೋಡಿದ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹಾಗಾದ್ರೆ ಇಬ್ಬರಿದ್ದರು," ಎಂದ.

"ಇಬ್ಬರಿದ್ದರು."

"ಯಾವಾಗ ಹೋದ?"

"ನಿನ್ನೆ ಬೆಳಗ್ಗೆ ಇದ್ದ. ನಾನು ನಿಮ್ಮ ಜಗಲಿಯಲ್ಲಿ ಕೂತಿದ್ದಾಗ ಇದ್ದ."

ನಕ್ಷೆಕಾರ ಅವಳಿಗೆ ಸಮಾಧಾನ ಹೇಳುವ ದನಿಯಲ್ಲೇ, "ಆಗಿದ್ದು ಆಗಿಹೋಯ್ತಮ್ಮ. ಇನ್ನು ನಿನ್ನ ಚೀಟಿಯಲ್ಲಿ ತಪ್ಪೇನೂ ಇಲ್ಲ. ಈಗ ಇಲ್ಲಿರೋದು ಒಂದೇ," ಎಂದ. ಗಾರೆಯವನ ಕಡೆ ತಿರುಗಿ, "ಮಣ್ಣು ಮಾಡಿ ಮತ್ತೆ ಕಟ್ಟಿಬಿಡು," ಎಂದ.

ಗೋಡೆಯ ಆಚೆ, ದೂರದಲ್ಲಿ, ಯಾರೋ ದಾರಿಹೋಕ ಬೇವಿನ ಬಾಗಿಲು ತಟ್ಟಿದ. ಉತ್ತರ ಬರಲಿಲ್ಲ. ಮತ್ತೆ ತಟ್ಟಿದ. ಮೂರು ಸಲ ತಟ್ಟಿಯೂ ಉತ್ತರ ಕೊಡದ ಬಾಗಿಲನ್ನು ಸತ್ತ ಬಾಗಿಲೆಂದು ಬರೆದುಕೊಳ್ಳುವುದು ಊರಿನ ರೂಢಿ. ಮೂರನೆಯ ತಟ್ಟು ಬಿತ್ತು. ನಕ್ಷೆಕಾರನೂ ಅದನ್ನು ಕೇಳಿಸಿಕೊಂಡು ತಲೆಯೆತ್ತಿದ.

ಆಗ ಬಿರುಕಿನಿಂದ ಒಂದು ದನಿ ಬಂತು. ಕೊಳವೆಯಲ್ಲಿ ಹಾದು ಬಂದದ್ದಲ್ಲ. ಒಣಗಿದ ಗಂಟಲಿನ ಹೆಂಗಸಿನ ದನಿ, ವಯಸ್ಸಾದದ್ದು. ಒಳಗಿನವರ ನಿಜವಾದ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು.

"ಏಳುನೂರ ಮೂವತ್ತೈದು," ಎಂದಿತು ಅದು, ಮತ್ತು ಕಾಯಿತು.

ಉತ್ತರ ಸಿಗದ ದಾರಿಹೋಕನ ಹೆಜ್ಜೆ ದೂರವಾಯಿತು. ದನಿ ಇನ್ನೂ ಕಾಯುತ್ತಿತ್ತು. ಬಿರುಕಿನ ಆ ಕಡೆ ಉಸಿರಾಡುವುದು ಕೇಳುತ್ತಿತ್ತು.

ತಟ್ಟುವವಳು ಮುದುಕನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಒರಗಿಸಿದಳು. ಅವನು ಕುಳಿತಿದ್ದಲ್ಲಿ ಮೊಣಕಾಲೂರಿ ನುಣುಪಾದ ಗೋಡೆಗೆ ಕೆನ್ನೆಯಿಟ್ಟಳು. ತನ್ನ ದನಿ ಅವನದಲ್ಲವೆಂದು ಆ ಕಡೆಯವಳಿಗೆ ತಿಳಿಯದೆ ಇರದು. ಇದುವರೆಗೆ ಬರೀ ತಟ್ಟುತ್ತಿದ್ದ ಅವಳಿಗೆ ಸಂಖ್ಯೆ ಹೇಳಿ ಅಭ್ಯಾಸವೂ ಇರಲಿಲ್ಲ.

"ಏಳುನೂರ ಮೂವತ್ತಾರು," ಎಂದಳು.

ಆ ಕಡೆ ಉಸಿರು ನಿಂತಿತು.

"ಏನಮ್ಮ ಇದು?" ಎಂದ ನಕ್ಷೆಕಾರ. "ಏಳು. ಮೇಲೇಳು. ಅವನು ಗೋಡೆ ಕಟ್ಟಬೇಕು."

ಗಾರೆಯವನು ಕೈಯಲ್ಲಿದ್ದ ಇಟ್ಟಿಗೆಯನ್ನು ಕೆಳಗಿಟ್ಟು, ಅದರ ಮೇಲೆಯೇ ಕುಳಿತ.

ಅವಳು ಏಳಲಿಲ್ಲ. ಬಿಸಿಲು ಚೊಂಬಿನಿಂದ ಚೊಂಬಿಗೆ ಸರಿಯಿತು. ನಕ್ಷೆಕಾರ ಎರಡು ಸಲ ಕರೆದ. ಗೋಡೆಯ ಆಚೆ ಏನೋ ಸರಿದಾಡಿತು. ಬಟ್ಟೆಯ ಸದ್ದು, ನೆಲಕ್ಕೆ ಕೈಯೂರಿದ ಸದ್ದು. ಬಿರುಕಿನ ಹತ್ತಿರ, ತೀರ ಹತ್ತಿರ, ಆ ಒಣಗಿದ ದನಿ ಒಮ್ಮೆ ಗಂಟಲು ಸರಿಮಾಡಿಕೊಂಡಿತು.

"ಏಳುನೂರ ಮೂವತ್ತೇಳು."